ಸೌಂಡ್ ಬಂದ್ ಮಾಡಿ ತೋರಿಸಿದ 'ತಬರನ ಕಥೆ'

ಒಂಬತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಪ್ರಶ್ನೆ 'ಪಾತ್ರ ಚಿತ್ರಣ ಮಾಡಿ', ನಾಲ್ಕು ಅಂಕ. ಮೊದಲ ಪತ್ರಿಕೆಯಲ್ಲಿ 'ಇವನು ಮುಗ್ಧ, ಪ್ರಾಮಾಣಿಕ, ಕರುಣಾಳು'. ಎರಡನೆಯದರಲ್ಲೂ ಅದೇ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಗೊತ್ತಾಯ್ತು, ಎಲ್ಲರೂ ಒಂದೇ ಗೈಡಿಂದ ಇಳಿಸಿದ್ದಾರೆ. ತಪ್ಪು ಮಕ್ಕಳದ್ದಲ್ಲ. ನಾನೂ ಬೋರ್ಡಿನ ಮೇಲೆ ಹಾಗೇ ಗುಣಗಳ ಪಟ್ಟಿ ಬರೆಸುತ್ತಿದ್ದೆ.

ಮರುವರ್ಷ 'ತಬರನ ಕಥೆ' ತೋರಿಸೋಣ ಅಂದುಕೊಂಡೆ. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ 1987ರ ಸಿನಿಮಾ. ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು ಅಂದಾಗ ಮಕ್ಕಳು ಸ್ವಲ್ಪ ನೆಟ್ಟಗೆ ಕೂತರು. ಮೊದಲು ಕಥೆ ಓದಿಸಿದೆ. ಆಮೇಲೆ ಲ್ಯಾಪ್‌ಟಾಪ್, ಗೋಡೆಗೆ ಬಿಳಿ ಪಂಚೆ.

ಜುಲೈ ತಿಂಗಳು. ನಮ್ಮದು ತಗಡಿನ ಶೀಟಿನ ಮಾಡು. ಮಳೆ ಹೊಡೆಯೋಕೆ ಶುರುವಾದರೆ ಪಕ್ಕದವರ ಮಾತೇ ಕೇಳಲ್ಲ, ಇನ್ನು ಸ್ಪೀಕರ್ ಯಾವ ಲೆಕ್ಕ? ನಿಲ್ಲಿಸೋಣ ಅಂದರೆ ಮಕ್ಕಳು ಬಿಡಲಿಲ್ಲ. ಸರಿ, ಸುಮ್ನೆ ನೋಡಿ, ಕಂಡಿದ್ದು ಹೇಳಿ ಅಂದೆ. ನಿವೃತ್ತನಾದ ಸಣ್ಣ ನೌಕರ ತಬರ ಪಿಂಚಣಿ ಕೇಳಿಕೊಂಡು ಕಚೇರಿಗೆ ಅಲೆಯುವ ಭಾಗ ಅದು.

'ಮೇಡಂ, ಅವನೊಬ್ಬನೇ ನಿಂತಿದ್ದಾನೆ. ಉಳಿದವರೆಲ್ಲ ಕೂತಿದ್ದಾರೆ' ಅಂದ ಮುಂದಿನ ಬೆಂಚಿನವನು.

'ಮುಗ್ಧ', 'ಕರುಣಾಳು' ಎರಡರಲ್ಲೂ ಇಲ್ಲದ ಮಾತು ಅದು. ಅವತ್ತಿಂದ ಮಳೆ ಇರಲಿ ಬಿಡಲಿ, ಎರಡು ನಿಮಿಷದ ತುಣುಕನ್ನು ಮೊದಲು ಸೌಂಡ್ ಇಲ್ಲದೆ ತೋರಿಸುತ್ತೇನೆ, ಆಮೇಲೆ ಸೌಂಡ್ ಹಾಕಿ. ತಬರನಾಗಿ ನಟಿಸಿದ ಚಾರುಹಾಸನ್ ತಮಿಳಿನವರು, ಈ ಪಾತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಮಾತು ತೆಗೆದರೂ ಪಾತ್ರ ಉಳಿಯುತ್ತದೆ ಅಂತ ಮಕ್ಕಳಿಗೆ ಬೇರೆ ಹೇಳಬೇಕಾಗಲಿಲ್ಲ.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿಸಿದೆ: ಅವನು ಏನು ಮಾಡಿದ, ಏನು ಹೇಳಿದ, ಬೇರೆಯವರು ಅವನ ಜೊತೆ ಹೇಗೆ ನಡೆದುಕೊಂಡರು. ಗುಣ ಹೇಳುವ ಪದ ನಾಲ್ಕನೇ ದಿನದವರೆಗೆ ನಿಷೇಧ. ಇದೊಂದು ನಿಯಮಕ್ಕೆ ಆದ ಗಲಾಟೆ ಅಷ್ಟಿಷ್ಟಲ್ಲ. 'ಪಾಪ' ಅನ್ನಬಹುದಾ ಮೇಡಂ? ಬೇಡ. ಏನು ನೋಡಿ ಪಾಪ ಅನಿಸಿತೋ ಅದನ್ನು ಬರಿ.

ಗುಂಪು ಚರ್ಚೆನೂ ಮಾಡಿಸಿದ್ದೆ. ಇಬ್ಬರು ಮಾತಾಡಿದರು, ಉಳಿದವರು ನಾಲ್ಕೂವರೆ ಬಸ್ಸಿನ ಕಡೆ ಕಿವಿ ಇಟ್ಟಿದ್ದರು. ಅದನ್ನು ಅಲ್ಲಿಗೇ ಬಿಟ್ಟೆ.

ನನ್ನನ್ನೇ ಕಕ್ಕಾಬಿಕ್ಕಿ ಮಾಡಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಕಾಫಿ ತೋಟದವರಿಂದ ತೆರಿಗೆ ವಸೂಲಿಗೆ ಹೋಗಿ ತಬರ ಲೆಕ್ಕದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನಲ್ಲ, ಅದನ್ನು ಹಿಡಿದು, 'ಅವಂದೂ ತಪ್ಪಿದೆ ಮೇಡಂ. ಚೀಟಿ ಕೈಗೆ ಬರದೆ ನಮ್ಮಪ್ಪ ಮಂಡಿಯಲ್ಲಿ ಅಡಿಕೆ ಮೂಟೆ ಬಿಟ್ಟು ಬರಲ್ಲ. ಇವನು ಲೆಕ್ಕ ಸರಿಯಾಗಿ ಇಟ್ಕೋಬೇಕಿತ್ತು' ಅಂದಳು.

ಹಾಗಲ್ಲ ಮರಿ, ವ್ಯವಸ್ಥೆ ಅಂತ ಒಂದಿದೆ ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಅವಳ ಹತ್ತಿರ ದೃಶ್ಯ ಇತ್ತು, ಕಾರಣ ಇತ್ತು. ನನ್ನ ಹತ್ತಿರ ಇದ್ದದ್ದು ನಾನು ಕಾಲೇಜಿನಲ್ಲಿ ಬರೆದುಕೊಂಡ ನೋಟ್ಸು. ಇದಕ್ಕೆ ಉತ್ತರ ಕಥೆಯಲ್ಲೇ ಹುಡುಕಿ ಅಂತ ಕ್ಲಾಸಿಗೇ ಬಿಟ್ಟೆ. ಮರುದಿನ ಒಬ್ಬ ಪುಸ್ತಕ ಬಿಚ್ಚಿಕೊಂಡೇ ಬಂದಿದ್ದ. ಜಗಳ ಎರಡು ಪೀರಿಯಡ್ ನಡೆಯಿತು, ಅವಳು ಮಾತ್ರ ಬಗ್ಗಲಿಲ್ಲ.

ಈಗ ಅಂಕ ಕೊಡುವುದು ಹೀಗೆ: ಅಭಿಪ್ರಾಯಕ್ಕೆ ಒಂದು, ಅದಕ್ಕೆ ತೋರಿಸಿದ ದೃಶ್ಯ ಅಥವಾ ಸಾಲಿಗೆ ಮೂರು. ಕಳೆದ ಸಲ ಒಬ್ಬ ಬರೆದಿದ್ದ: 'ತಬರ ಬುದ್ಧಿವಂತ ಅನ್ನೋಕೆ ನನಗೆ ಒಂದೂ ದೃಶ್ಯ ಸಿಗಲಿಲ್ಲ. ಅವನಿಗೆ ಯಾರೂ ಕುರ್ಚಿ ಕೊಡಲಿಲ್ಲ ಅನ್ನೋಕೆ ತುಂಬಾ ಸಿಕ್ಕವು.' ಯಾವ ದೃಶ್ಯಗಳು ಅಂತ ಬರೆದಿರಲಿಲ್ಲ. ಒಂದೇ ಅಂಕ ಕೊಟ್ಟೆ, ಉಳಿದ ಮೂರಕ್ಕೆ ಇವತ್ತಿಗೂ ಬಂದು ಕೇಳುತ್ತಾನೆ.