ಎಷ್ಟಾಣೆ ನೋವು ಐತೆ ಅಜ್ಜಿ?

ನಾನು ದಾವಣಗೆರೆಯಲ್ಲಿ ಮೂಳೆ ಡಾಕ್ಟ್ರು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಮಂಡಿ ಸವೆದವರು, ಹೈವೇಲಿ ಬಿದ್ದು ಕಾಲು ಮುರ್ಕೊಂಡವರು ಬರ್ತಾರೆ. ಆಪರೇಷನ್ ನೋವಿನ ಬಗ್ಗೆ ನೋಟ್‌ಬುಕ್ ಇಟ್ಟು ಬರೆಯೋಕೆ ಶುರು ಮಾಡಿದ್ದು ಒಬ್ರು ಅಜ್ಜಿಯಿಂದ. ಮಂಡಿ ಬದ್ಲಿ ಮಾಡಿದ ಮಾರನೇ ದಿನ ರೌಂಡ್ಸಲ್ಲಿ "ನೋವು ಐತಾ ಅಜ್ಜಿ" ಅಂದೆ, "ಅಷ್ಟೇನಿಲ್ಲಪ್ಪ, ತಡಕಂತೀನಿ" ಅಂದ್ರು, ನಾನು ಚಾರ್ಟಲ್ಲಿ ನೋವಿಲ್ಲ ಅಂತ ಬರೆದು ಮುಂದಿನ ಬೆಡ್ಡಿಗೆ ಹೋದೆ. ಸಂಜೆ ಫಿಸಿಯೋದವರ ಫೋನ್, ಅಜ್ಜಿ ಕಾಲು ಮುಟ್ಟೋಕೇ ಬಿಡ್ತಿಲ್ಲ ಸರ್ ಅಂತ. ಮಗಳನ್ನ ಕೇಳಿದ್ರೆ, ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ಲ, ಡಾಕ್ಟ್ರಿಗೆ ಯಾಕೆ ತೊಂದ್ರೆ ಅಂತ ಸುಮ್ನಿದ್ರು ಅಂದ್ರು.

ತಪ್ಪು ನನ್ನದೇ. ಇಂಜೆಕ್ಷನ್ ಎಸ್‌ಒಎಸ್ ಅಂತ ಬರೆದಿದ್ದೆ, ಅಂದ್ರೆ ಕೇಳಿದ್ರೆ ಕೊಡಿ ಅಂತ. ಅಜ್ಜಿ ಕೇಳ್ಲಿಲ್ಲ, ಸಿಸ್ಟರ್ ಕೊಡ್ಲಿಲ್ಲ. ನಮ್ಮ ಕಡೆ ಎಷ್ಟು ಜನ ಬಾಯಿ ಬಿಟ್ಟು ನೋವು ಅಂತ ಕೇಳ್ತಾರೆ ಹೇಳಿ?

ಅವತ್ತಿಂದ ಪ್ರತಿ ಪೇಷಂಟಿಗೂ ಎರಡು ಸಲ ಕೇಳ್ತೀನಿ, ಮಲಗಿದ್ದಾಗ ಒಂದ್ಸಲ, ಮಂಡಿ ಮಡಚಿದಾಗ ಇನ್ನೊಂದ್ಸಲ. ಸೊನ್ನೆಯಿಂದ ಹತ್ತರೊಳಗೆ ನಂಬರ್ ಹೇಳಿ ಅನ್ನೋದು ಓದಿದವರಿಗೆ ಸರಿ, ವಯಸ್ಸಾದವರು "ಐದು ಅಂದ್ರೆ ಎಷ್ಟಪ್ಪ" ಅಂತ ನನ್ನನ್ನೇ ಕೇಳೋರು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ರು "ರೂಪಾಯಿಗೆ ಎಷ್ಟಾಣೆ ಅಂತ ಕೇಳಿ ನೋಡ್ರಿ ಸರ್" ಅಂದ್ರು, ಹಳೇ ಲೆಕ್ಕದಲ್ಲಿ ರೂಪಾಯಿಗೆ ಹದಿನಾರಾಣೆ. ಕೇಳಿದೆ. "ಮಲಗಿದ್ರೆ ನಾಕಾಣೆ, ಎದ್ದು ನಿಂತ್ರೆ ಹದಿನಾಕಾಣೆ ಕಣಪ್ಪ" ಅಂತ ತಕ್ಷಣ ಉತ್ರ ಬಂತು! ಇದನ್ನ ಜರ್ನಲಲ್ಲಿ ಹಾಕೋಕಾಗಲ್ಲ, ಪರೀಕ್ಷೆ ಮಾಡಿದ ಸ್ಕೇಲ್ ಅಲ್ಲ, ಆದ್ರೆ ಅದೇ ಮನುಷ್ಯನಿಗೆ ಬೆಳಿಗ್ಗೆಗಿಂತ ಸಂಜೆ ಕಮ್ಮಿ ಆಯ್ತಾ ಅಂತ ತಿಳಿಯೋಕೆ ಸಾಕು. ಬರೀತಾ ಬರೀತಾ ಗೊತ್ತಾಗಿದ್ದು, ನಾವು ಡಾಕ್ಟ್ರುಗಳು ಚಾರ್ಟಲ್ಲಿ ಬರೆಯೋದು ಬರೀ ನಾಕಾಣೆ ನೋವು, ಪೇಷಂಟ್ ನಡೆಯೋಕೆ ಹೆದರೋದು ಆ ಹದಿನಾಕಾಣೆಗೆ.

ಆಮೇಲೆ ಒಂದೊಂದೇ ಬದಲಾಯಿಸಿದೆ. ಪ್ಯಾರಾಸಿಟಮಾಲ್ ಗಡಿಯಾರ ನೋಡಿ ಆರು ಗಂಟೆಗೊಮ್ಮೆ 1 ಗ್ರಾಂ, ಕೇಳ್ಲಿ ಬಿಡ್ಲಿ. ದಿನಕ್ಕೆ 4 ಗ್ರಾಂ ದಾಟೋ ಹಾಗಿಲ್ಲ, 50 ಕೆಜಿಗಿಂತ ಕಮ್ಮಿ ಇರೋರಿಗೆ ತೂಕ ನೋಡಿ ಇನ್ನೂ ಕಮ್ಮಿ. ಕೀಟೊರೊಲ್ಯಾಕ್ ಥರದ ನೋವಿನ ಔಷಧಿ, ಕಿಡ್ನಿ ಹೇಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ ರಿಪೋರ್ಟ್ ನೋಡದೆ ಬರೆಯಲ್ಲ, ಯಾಕಂದ್ರೆ ಮಂಡಿ ನೋವಿಗೆ ವರ್ಷಗಟ್ಲೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಬಂದಿರ್ತಾರೆ. ಟ್ರಮಡಾಲ್ ಅನ್ನೋ ಜೋರಾದ ನೋವಿನ ಔಷಧಿ ಆದಷ್ಟು ಕಮ್ಮಿ ಮಾಡಿದೆ, ವಾಂತಿ ತಲೆಸುತ್ತು ಬಂದ್ರೆ ಅಜ್ಜಿ ಊಟಾನೂ ಮಾಡಲ್ಲ, ನಡೆಯೋದೂ ಇಲ್ಲ.

ಕಣ್ಣಿಗೆ ಕಂಡ ದೊಡ್ಡ ವ್ಯತ್ಯಾಸ ಆಗಿದ್ದು ಆಪರೇಷನ್ ಟೇಬಲ್ಲಲ್ಲೇ. ಸಿಡ್ನಿಯ ಕೆರ್ ಮತ್ತು ಕೋಹನ್ ಅನ್ನೋ ಡಾಕ್ಟ್ರುಗಳು 2008ರಲ್ಲಿ ಮಂಡಿ, ಸೊಂಟದ ಕೀಲಿನ ಸುತ್ತ ಔಷಧಿ ತುಂಬೋ ವಿಧಾನದ ಬಗ್ಗೆ ಬರೆದಿದ್ರು, ಮರಗಟ್ಟಿಸೋ ಔಷಧಿ, ಕೀಟೊರೊಲ್ಯಾಕ್, ಅಡ್ರಿನಲಿನ್ ಸೇರಿಸಿ. ನಾನು ಇಂಪ್ಲಾಂಟ್ ಕೂರಿಸೋ ಮುಂಚೆನೇ ಮಂಡಿ ಹಿಂಭಾಗದ ಪದರಕ್ಕೆ ಕೊಡ್ತೀನಿ, ಆಮೇಲೆ ಅಲ್ಲಿಗೆ ಸೂಜಿ ಹೋಗೋದು ಕಷ್ಟ. ಅಲ್ಲೇ ಹಿಂದೆ ದೊಡ್ಡ ರಕ್ತನಾಳ ಇರೋದ್ರಿಂದ ಪ್ರತಿ ಸಲ ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರಲ್ಲ ಅಂತ ನೋಡ್ಕೊಂಡೇ ಒತ್ತೋದು. ಮರಗಟ್ಟಿಸೋ ಔಷಧಿ ಬುಪಿವಕೇನ್ ಆದ್ರೆ ಕೆಜಿಗೆ 2 ಮಿಲಿಗ್ರಾಂ ಒಳಗೆ ಇಟ್ಕೊಂತೀನಿ, ಅಂದ್ರೆ 50 ಕೆಜಿ ಅಜ್ಜಿಗೆ 100 ಮಿಲಿಗ್ರಾಂ, 0.5 ಪರ್ಸೆಂಟಿನದ್ದು 20 ಎಂಎಲ್, ಅದನ್ನೇ ಸಲೈನ್ ಹಾಕಿ ಜಾಸ್ತಿ ಮಾಡ್ಕೊಳ್ಳೋದು. ಅನಸ್ತೇಶಿಯಾ ಡಾಕ್ಟ್ರು ಬ್ಲಾಕ್, ಅಂದ್ರೆ ನರ ಮರಗಟ್ಟಿಸೋ ಇಂಜೆಕ್ಷನ್, ಕೊಡ್ತಿದ್ರೆ ಎರಡೂ ಸೇರಿಸಿ ಲೆಕ್ಕ ಹಾಕಬೇಕು, ಇದನ್ನ ಇಬ್ರೂ ಜೋರಾಗಿ ಹೇಳ್ಕೊಂತೀವಿ. ಬ್ಲಾಕ್ ಕೂಡ ಮೊದಲಿನ ಹಾಗೆ ತೊಡೆ ಮೇಲ್ಭಾಗದ ಫೀಮೋರಲ್ ನರಕ್ಕಲ್ಲ, ಅದ್ರಿಂದ ತೊಡೆ ಸ್ನಾಯು ಸೋತು ಬಾತ್‌ರೂಮಿಗೆ ಹೋಗುವಾಗ ಬೀಳೋ ಭಯ. ಸ್ವಲ್ಪ ಕೆಳಗೆ, ತೊಡೆ ಒಳಭಾಗದಲ್ಲಿ ನರ ಹಾದುಹೋಗೋ ಅಡಕ್ಟರ್ ಕೆನಾಲಲ್ಲಿ ಕೊಟ್ರೆ ನೋವೂ ಕಮ್ಮಿ, ಕಾಲಲ್ಲಿ ಶಕ್ತಿನೂ ಉಳಿಯುತ್ತೆ.

ಆದ್ರೆ ಬೈಕಲ್ಲಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಪುಡಿಯಾಗಿ ಬಂದ ಹುಡುಗರ ವಿಷಯದಲ್ಲಿ ನಾನು ನೋವು ಪೂರ್ತಿ ಮುಚ್ಚೋಕೆ ಹೋಗಲ್ಲ. ಮಾಂಸಖಂಡದೊಳಗೆ ಒತ್ತಡ ಏರಿದ್ರೆ ಮೊದಲು ಹೇಳೋದೇ ನೋವು, ಗಾಯಕ್ಕೆ ಮೀರಿದ ನೋವು, ಕಾಲ್ಬೆರಳು ಎಳೆದ್ರೆ ಕಿರುಚೋ ಅಂಥದ್ದು. ಆಗ ಇನ್ನೊಂದು ಇಂಜೆಕ್ಷನ್ ಕೊಟ್ಟು ಮಲಗಿಸಿದ್ರೆ ಕಾಲೇ ಹೋಗಬಹುದು, ಅದಕ್ಕೆ ರಾತ್ರಿ ಎಷ್ಟೊತ್ತಿಗಾದ್ರೂ ನನ್ನನ್ನ ಎಬ್ಬಿಸಿ ಅಂತ ಡ್ಯೂಟಿಯವರಿಗೆ ಹೇಳಿಟ್ಟಿದೀನಿ.

ಈಗ ನೋಟ್‌ಬುಕ್ಕಲ್ಲಿ ಇನ್ನೊಂದು ಕಾಲಂ ಹಾಕಿದೀನಿ, ಮನೆಗೆ ಹೋದ ಮೂರನೇ ದಿನ ಫೋನ್. ಸುಮಾರು ಜನ ಮಾತ್ರೆ ನಿಲ್ಲಿಸಿರ್ತಾರೆ, "ಕಿಡ್ನಿ ಹೋಗ್ತೈತಂತೆ ಡಾಕ್ಟ್ರೇ" ಅಂತಾರೆ, ಮಾತ್ರೆ ನಿಂತ ಕೂಡ್ಲೇ ವ್ಯಾಯಾಮನೂ ನಿಂತು ಮಂಡಿ ಬಿಗಿಯಾಗ್ತಾ ಬರುತ್ತೆ. ಅದಕ್ಕೆ ಈಗ ಚೀಟಿಯಲ್ಲಿ ಯಾವ ಮಾತ್ರೆ ಯಾವ ತಾರೀಖಿಗೆ ನಿಲ್ಲಿಸ್ಬೇಕು ಅಂತ ಕನ್ನಡದಲ್ಲೇ ದೊಡ್ಡಕ್ಷರದಲ್ಲಿ ಬರೆದು, ಮಗನಿಗೋ ಸೊಸೆಗೋ ಓದಿಸಿ ಕಳಿಸ್ತೀನಿ.