ಬೇಸ್ ಗಿಟಾರ್ ನೀವೇ ಕಟ್ಟಿ: ನೆಕ್ ನೇರವಿದ್ದರೆ ಅರ್ಧ ಗೆದ್ದಂತೆ

ಎಲೆಕ್ಟ್ರಿಕ್ ಬೇಸ್ ಗಿಟಾರಿನಲ್ಲಿ ಬಾಗಿಸಿದ ಪಕ್ಕೆಗಳಿಲ್ಲ, ತೆಳ್ಳನೆಯ ಮೇಲುಹಲಗೆಯಿಲ್ಲ. ಒಂದು ದಪ್ಪ ಹಲಗೆಯ ಬಾಡಿ, ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಉದ್ದನೆಯ ಕತ್ತು ಅಂದರೆ ನೆಕ್, ನಾಲ್ಕು ತಂತಿ, ಅವುಗಳ ಕಂಪನವನ್ನು ವಿದ್ಯುತ್ತಾಗಿಸುವ ಒಂದು ಪಿಕಪ್, ಅಷ್ಟೆ. 1951ರಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್ ಹುಟ್ಟಿದ್ದೇ ಹೀಗೆ. ಭಾಗಗಳನ್ನು ಬೇರೆ ಬೇರೆಯಾಗಿ ಮಾಡಿ ಕೊನೆಗೆ ಜೋಡಿಸುವ ಈ ಕ್ರಮ ಮನೆಯ ಶೆಡ್ಡಿಗೂ ಚೆನ್ನಾಗಿ ಒಗ್ಗುತ್ತದೆ. ಆದರೆ ಶ್ರುತಿ ಮಾಡಿದ ನಾಲ್ಕು ತಂತಿಗಳು ಒಟ್ಟು ಸುಮಾರು 80 ಕೆಜಿ ಬಲದಿಂದ ನೆಕ್ಕನ್ನು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತವೆ. ಬಾಡಿಯ ಅಂಚು ಮೂರು ಮಿಲಿಮೀಟರ್ ಆಚೀಚೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೆಕ್ ಮೇಲಿನ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್, ಅರ್ಧ ಮಿಲಿಮೀಟರ್ ತಪ್ಪಿದರೆ ಕಿವಿಗೆ ಕೂಡಲೇ ತಾಗುತ್ತದೆ. ಹಾಗಾಗಿ ನಿಮ್ಮ ಸಮಯದ ದೊಡ್ಡ ಪಾಲು ನೆಕ್ಕಿಗೇ ಸಲ್ಲಬೇಕು.

ಮೊದಲು ಸಾಮಾನು, ಆಮೇಲೆ ನಕ್ಷೆ

ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ), ಪಿಕಪ್, ತಂತಿ ಬಿಗಿಯುವ ನಾಲ್ಕು ಟ್ಯೂನರ್, ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸಲು ಅದರೊಳಗೆ ಕೂರುವ ಲೋಹದ ಸರಳು), ಫ್ರೆಟ್ ತಂತಿ ಇವೆಲ್ಲ ಕೈಗೆ ಬರುವ ತನಕ ಮರಕ್ಕೆ ಗರಗಸ ಹಾಕಬೇಡಿ. ಮಾರಾಟಗಾರರು ಕೊಡುವ ಅಳತೆಗೂ ಕೈಯಲ್ಲಿರುವ ವಸ್ತುವಿಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುವುದು ಸಾಮಾನ್ಯ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಎಲ್ಲವನ್ನೂ ನೀವೇ ಅಳೆದು, ಇಡೀ ವಾದ್ಯವನ್ನು ನಿಜ ಗಾತ್ರದಲ್ಲಿ ಕಾಗದದ ಮೇಲೆ ಬಿಡಿಸಿ. ಮೊದಲು ಎಳೆಯಬೇಕಾದ್ದು ಮಧ್ಯರೇಖೆ. ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕಚ್ಚಿನ ಪಟ್ಟಿ), ನೆಕ್, ಪಿಕಪ್, ಬ್ರಿಜ್ ಎಲ್ಲವೂ ಆ ಗೆರೆಯಿಂದ ಅಳೆದೇ ಕೂರಬೇಕು. ಬಾಡಿಯ ಅಂಚಿನಿಂದ ಯಾವುದನ್ನೂ ಅಳೆಯಬೇಡಿ, ಉಜ್ಜುತ್ತಾ ಹೋದಂತೆ ಅಂಚು ಸರಿದುಬಿಡುತ್ತದೆ.

ಮೊದಲ ಬೇಸ್‌ಗೆ 34 ಇಂಚಿನ ಸ್ಕೇಲ್, ಅಂದರೆ ನಟ್‌ನಿಂದ ಬ್ರಿಜ್‌ಗೆ 863.6 ಮಿಮೀ, ಒಳ್ಳೆಯ ಆಯ್ಕೆ. ಎಲ್ಲ ಅಂಗಡಿಗಳಲ್ಲೂ ಸಿಗುವ ತಂತಿಗಳು ಈ ಅಳತೆಯವೇ. ನಟ್ ಬಳಿ ನೆಕ್‌ನ ಅಗಲ 38ರಿಂದ 42 ಮಿಮೀ, ಬುಡದಲ್ಲಿ 63.5 ಮಿಮೀ, ಬ್ರಿಜ್ ಬಳಿ ತಂತಿಯಿಂದ ತಂತಿಗೆ 19 ಮಿಮೀ ಇಟ್ಟುಕೊಳ್ಳಿ.

ಬಾಡಿಯ ಮೇಲಿನ ಕೊಂಬಿನ ತುದಿ ಸುಮಾರು 12ನೇ ಫ್ರೆಟ್‌ನ ನೇರಕ್ಕೆ ಬರಲಿ. ಭುಜದ ಪಟ್ಟಿ ಸಿಕ್ಕಿಸುವ ಗುಂಡಿ ಅಲ್ಲೇ ಕೂರುವುದು. ಅಂದಕ್ಕೆಂದು ಕೊಂಬನ್ನು ಗಿಡ್ಡ ಮಾಡಿದರೆ, ನಿಂತು ನುಡಿಸುವಾಗ ವಾದ್ಯದ ತಲೆ, ಅಂದರೆ ಟ್ಯೂನರ್‌ಗಳಿರುವ ತುದಿ, ನೆಲದತ್ತ ವಾಲುತ್ತದೆ. ನುಡಿಸುವ ಎಡಗೈ ನೆಕ್ಕನ್ನು ಎತ್ತಿ ಹಿಡಿಯುವ ಕೆಲಸವನ್ನೂ ಮಾಡಬೇಕಾಗುತ್ತದೆ.

ಯಾವ ಮರ?

ಅಮೆರಿಕದ ತಯಾರಕರು ಬಾಡಿಗೆ ಆಲ್ಡರ್, ಆಶ್ ಬಳಸುತ್ತಾರೆ. ನಮ್ಮಲ್ಲಿ ವೀಣೆಗೆ ಒಗ್ಗಿದ ಹಲಸು, ಕಾಫಿ ತೋಟಗಳ ಸಿಲ್ವರ್ ಓಕ್, ತೋಟದಲ್ಲಿ ಬೆಳೆಸಿದ ಮಹಾಗನಿ ಇವೆ. ತೂಕದ ಲೆಕ್ಕ ಮಾತ್ರ ಮೊದಲೇ ಹಾಕಿ. 45 ಮಿಮೀ ದಪ್ಪದ ಬಾಡಿಯಲ್ಲಿ ಸುಮಾರು 5 ಲೀಟರ್‌ನಷ್ಟು ಮರ ಇರುತ್ತದೆ. ಲೀಟರಿಗೆ 450 ಗ್ರಾಂ ತೂಗುವ ಆಲ್ಡರ್‌ನಲ್ಲಿ ಅದು ಎರಡೂಕಾಲು ಕೆಜಿ. 600 ಗ್ರಾಂ ತೂಗುವ ಹಲಸಿನಲ್ಲಿ 3 ಕೆಜಿ. ನೆಕ್, ಲೋಹದ ಸಾಮಾನು ಸೇರಿದರೆ 5 ಕೆಜಿ ಹತ್ತಿರ ಹೋಗುತ್ತದೆ, ಎರಡು ಗಂಟೆಯ ಕಛೇರಿಗೆ ಅದು ಭುಜಕ್ಕೆ ಶಿಕ್ಷೆ. ಭಾರದ ಮರವಾದರೆ ಮಧ್ಯದ ದಿಮ್ಮಿಯನ್ನು ಹಾಗೇ ಬಿಟ್ಟು, ಎರಡೂ ರೆಕ್ಕೆಗಳೊಳಗೆ 30 ಮಿಮೀ ಆಳದ ಕುಳಿ ತೋಡಿ, ಮೇಲೆ 6 ಮಿಮೀ ಹಲಗೆ ಅಂಟಿಸಿ. ಆ 6 ಮಿಮೀಯನ್ನೂ ಸೇರಿಸಿ ಒಟ್ಟು ದಪ್ಪ 45 ಮೀರದಿರಲಿ.

ನೆಕ್‌ಗೆ ಗಟ್ಟಿ ಮೇಪಲ್ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಎಳೆ ನೇರವಾಗಿರುವ ಹಳೆಯ ತೇಗದ ಎರಡು ಪಟ್ಟಿಗಳ ನಡುವೆ 6ರಿಂದ 8 ಮಿಮೀ ಬೀಟೆಯ ಪಟ್ಟಿ ನಿಲ್ಲಿಸಿ ಅಂಟಿಸಿ. ತೇಗದ ಒಂದು ಪಟ್ಟಿಯನ್ನು ಉಲ್ಟಾ ತಿರುಗಿಸಿ ಇಟ್ಟರೆ ಎರಡರ ತಿರುಚುವ ಸ್ವಭಾವ ಪರಸ್ಪರ ಕಳೆಯುತ್ತದೆ. ತುದಿಯಿಂದ ನೋಡಿದಾಗ ಬೆಳವಣಿಗೆಯ ಗೆರೆಗಳು ಲಂಬವಾಗಿರಬೇಕು. ತೇಗ, ಬೀಟೆ ಎರಡೂ ಎಣ್ಣೆಯ ಮರಗಳು. ಅಂಟು ಹಚ್ಚುವ ಹತ್ತು ನಿಮಿಷ ಮೊದಲು ಅಸಿಟೋನ್ ಬಟ್ಟೆಯಲ್ಲಿ ಒರೆಸದಿದ್ದರೆ ಕೆಲವು ತಿಂಗಳಲ್ಲಿ ಜೋಡಣೆ ಬಿಟ್ಟುಕೊಳ್ಳಬಹುದು.

ನೆಕ್ ಮೇಲೆ ಅಂಟಿಸುವ, ಫ್ರೆಟ್‌ಗಳು ಕೂರುವ ಫ್ರೆಟ್‌ಬೋರ್ಡಿಗೆ ನಮ್ಮ ಬೀಟೆಗಿಂತ ಮಿಗಿಲಾದದ್ದನ್ನು ಹುಡುಕುವ ಅಗತ್ಯವಿಲ್ಲ, ಜಗತ್ತಿನ ಗಿಟಾರ್ ತಯಾರಕರೇ ಇದನ್ನು ಕೇಳಿ ತರಿಸಿಕೊಳ್ಳುತ್ತಾರೆ. ಬಿಲ್ ಇರುವ ಮರವನ್ನಷ್ಟೇ ಕೊಳ್ಳಿ. 2017ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಬೀಟೆಯ ಧೂಳು ಚರ್ಮ, ಶ್ವಾಸಕೋಶಕ್ಕೆ ಅಲರ್ಜಿ ತರುತ್ತದೆ, ಎನ್95 ಮಾಸ್ಕ್ ಇಲ್ಲದೆ ಉಜ್ಜಬೇಡಿ.

ತೇವದ ವಿಷಯದಲ್ಲಿ ರಾಜಿ ಬೇಡ. ಮೀಟರಿನಲ್ಲಿ 9ರಿಂದ 12 ಶೇಕಡಾ ತೋರಿಸಬೇಕು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ನೆಕ್ ಕೆಲಸ ಹಿಡಿಯದಿರುವುದೇ ಲೇಸು. ಜುಲೈಯಲ್ಲಿ ಉಬ್ಬಿದ್ದ ಫ್ರೆಟ್‌ಬೋರ್ಡ್ ಫೆಬ್ರವರಿಯಲ್ಲಿ ಕುಗ್ಗಿದಾಗ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಚಾಚಿ ಕೈ ಗೀರುತ್ತದೆ.

ನೆಕ್: ಚೌಕವಿರುವಾಗಲೇ ಮುಗಿಸಬೇಕಾದ ಕೆಲಸ

900 ಮಿಮೀ ಉದ್ದ, 20 ಮಿಮೀ ದಪ್ಪದ ಹಲಗೆಯನ್ನು ಕೀಸುಳಿಯಿಂದ ಸಮತಟ್ಟು ಮಾಡಿ, ಒಂದು ವಾರ ಸುಮ್ಮನೆ ಬಿಡಿ. ಬಾಗಿದರೆ ಮತ್ತೆ ಕೀಸಿ. ಪಕ್ಕಗಳಿನ್ನೂ ನೇರವಾಗಿ, ಸಮಾಂತರವಾಗಿರುವಾಗಲೇ ಟ್ರಸ್ ರಾಡ್ ಕೂರುವ ಗಾಡಿಯನ್ನು (ಉದ್ದನೆಯ ಕಾಲುವೆ) ರೌಟರ್‌ನಲ್ಲಿ ತೋಡಬೇಕು. ಪಕ್ಕಗಳನ್ನು ನಟ್ ಕಡೆಗೆ ಕಿರಿದಾಗಿಸಿದ ಮೇಲೆ ರೌಟರ್‌ನ ಬೇಲಿಗೆ ಆನಿಸಲು ನೇರ ಅಂಚೇ ಉಳಿಯುವುದಿಲ್ಲ. ಎರಡೂ ದಿಕ್ಕಿಗೆ ಕೆಲಸ ಮಾಡುವ ರಾಡ್‌ಗೆ ಸಾಮಾನ್ಯವಾಗಿ 6 ಮಿಮೀ ಅಗಲ, 9ರಿಂದ 10 ಮಿಮೀ ಆಳ ಬೇಕು. ಒಂದು ಸಲಕ್ಕೆ 3 ಮಿಮೀ ಮಾತ್ರ ತೋಡಿ. ರಾಡ್ ಬೆರಳಿನ ಒತ್ತಡಕ್ಕೆ ಒಳಗಿಳಿಯಬೇಕು, ಅಲುಗಾಡಬಾರದು. ಸಡಿಲವಾದರೆ ಕೆಲವು ಸ್ವರಗಳಿಗೆ ಅದು ಒಳಗೇ ಕಂಪಿಸಿ ಗುಂಯ್‌ಗುಡುತ್ತದೆ, ಫ್ರೆಟ್‌ಬೋರ್ಡ್ ಅಂಟಿಸಿದ ಮೇಲೆ ಅದಕ್ಕೆ ಸುಲಭದ ಪರಿಹಾರವಿಲ್ಲ.

ಫ್ರೆಟ್ ಕಚ್ಚುಗಳನ್ನೂ ಬೋರ್ಡ್ ಚೌಕವಾಗಿರುವಾಗಲೇ ಹಾಕಿ. ಲೆಕ್ಕ ಸರಳ: ಸ್ಕೇಲ್ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್; ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಮುಂದಿನದು. ಲೆಕ್ಕ ಹಾಗಿದ್ದರೂ ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್‌ನಿಂದ ಅಳೆಯುತ್ತಾ ಹೋದರೆ ಪೆನ್ಸಿಲ್ ಗೆರೆಯ ದಪ್ಪವೇ ಇಪ್ಪತ್ತು ಸಲ ಕೂಡಿ 20ನೇ ಫ್ರೆಟ್ ಎಲ್ಲೋ ಕೂರುತ್ತದೆ. ತಾಳೆ ನೋಡಲು ಕೆಲವು ಅಂಕಿ: 1ನೇ ಫ್ರೆಟ್ 48.5 ಮಿಮೀ, 5ನೆಯದು 216.6, 7ನೆಯದು 287.2, 12ನೆಯದು ಸರಿಯಾಗಿ ಅರ್ಧ, ಅಂದರೆ 431.8, 20ನೆಯದು 591.6.

ಕಚ್ಚಿನ ಅಗಲ ಸುಮಾರು 0.6 ಮಿಮೀ. ಕೊಂಡ ಫ್ರೆಟ್ ತಂತಿಯ ಕಾಲನ್ನು ಅಳೆದು, ತುಂಡು ಮರದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ. ಕಚ್ಚು ಬಿಗಿಯಾದರೆ ಇಪ್ಪತ್ತು ಫ್ರೆಟ್‌ಗಳೂ ಬೆಣೆಯಂತೆ ಒತ್ತಿ ನೆಕ್ ಹಿಂದಕ್ಕೆ ಬಾಗುತ್ತದೆ. ಸಡಿಲವಾದರೆ ಫ್ರೆಟ್ ಎದ್ದು ಪಕ್ಕದ ಸ್ವರ ಝೇಂಕರಿಸುತ್ತದೆ.

ಅಂಟಿಗೆ ಬಿಳಿ ಫೆವಿಕಾಲ್‌ಗಿಂತ ಹಳದಿ ಅಲಿಫ್ಯಾಟಿಕ್ ಅಂಟು ಅಥವಾ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಮೇಲು. ಬಿಳಿ ಅಂಟು ಸತತ ಎಳೆತಕ್ಕೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಕಾವಿಗೆ ಮೆಲ್ಲಗೆ ಜಾರುತ್ತದೆ. ರಾಡ್ ಮೇಲೆ ತೆಳು ಟೇಪ್ ಹಚ್ಚಿ, ಅಂಟು ಬಳಿದು, ಬೋರ್ಡ್ ಇಟ್ಟ ಮೇಲೆ ಟೇಪ್ ಕಿತ್ತುಬಿಡಿ. ಒತ್ತಿದಾಗ ಬೋರ್ಡ್ ಜಾರದಂತೆ ಎರಡು ಫ್ರೆಟ್ ಕಚ್ಚುಗಳೊಳಗೆ ಸಣ್ಣ ಮೊಳೆ ಹೊಡೆದಿಡಿ. ಕನಿಷ್ಠ ಎಂಟು ಕ್ಲ್ಯಾಂಪ್ ಬಿಗಿದು, ನೇರವಾದ ತೊಲೆಯ ಮೇಲೆ ಒಂದು ಇಡೀ ದಿನ ಬಿಡಿ.

ಪಕ್ಕಗಳನ್ನು ನಟ್ ಕಡೆಗೆ ಕಿರಿದಾಗಿಸಿ, 9.5 ಇಂಚು ತ್ರಿಜ್ಯದ ಉಜ್ಜುಕೊರಡಿನಿಂದ ಬೋರ್ಡಿಗೆ ಉಬ್ಬು ಕೊಡಿ. ಬುಡದ ಕಡೆ ಅಂಚಿನಲ್ಲಿ ಸುಮಾರು 2 ಮಿಮೀ ಮರ ಹೋಗುತ್ತದೆ, ಅಲ್ಲಿನ ಕಚ್ಚುಗಳು ಅಷ್ಟೇ ಕಡಿಮೆ ಆಳವಾಗುತ್ತವೆ. ಮತ್ತೆ ಗರಗಸ ಹಾಕಿ ಆಳ ಸರಿಪಡಿಸದೆ ಫ್ರೆಟ್ ಬಡಿದರೆ ತುದಿಗಳು ಎದ್ದೇ ನಿಲ್ಲುತ್ತವೆ. ಫ್ರೆಟ್ ಕೂರಿಸಿ, ತುದಿಗಳನ್ನು ಅರದಲ್ಲಿ ಓರೆಯಾಗಿಸಿ, ಕೊನೆಗೆ ಬೆನ್ನು ಕೆತ್ತಿ: ಮೊದಲ ಫ್ರೆಟ್ ಬಳಿ ಬೋರ್ಡ್ ಸೇರಿ 21 ಮಿಮೀ, 12ರ ಬಳಿ 23 ಮಿಮೀ. ರಾಡ್‌ನ ಗಾಡಿಯ ಕೆಳಗೆ ಕನಿಷ್ಠ 4 ಮಿಮೀ ಮರ ಉಳಿಯುತ್ತದೆಯೇ ಎಂದು ನಕ್ಷೆಯಲ್ಲೇ ನೋಡಿಕೊಳ್ಳಿ. ತಲೆ 15 ಮಿಮೀ ದಪ್ಪ ಸಾಕು.

ಬಾಡಿ ಮತ್ತು ನೆಕ್ ಕೂರುವ ಗುಳಿ

12 ಮಿಮೀ ಎಂಡಿಎಫ್‌ನಲ್ಲಿ ಅಚ್ಚು ಮಾಡಿ, ಬೇರಿಂಗ್ ಇರುವ ರೌಟರ್ ಬಿಟ್‌ನಿಂದ ಅದನ್ನು ಹಿಂಬಾಲಿಸಿ. ಮೊದಲು ಗರಗಸದಲ್ಲಿ ಗೆರೆಯಿಂದ 2 ಮಿಮೀ ಹೊರಗೆ ಕತ್ತರಿಸಿಕೊಂಡರೆ ರೌಟರ್ ಮೇಲಿನ ಹೊರೆ ಇಳಿಯುತ್ತದೆ. ಕೊಂಬಿನ ತಿರುವಿನಲ್ಲಿ ಎಳೆಯ ದಿಕ್ಕು ಬದಲಾಗುತ್ತದೆ. ಒಮ್ಮೆಗೇ ಹೆಚ್ಚು ಕೊರೆದರೆ ಅಲ್ಲೇ ದೊಡ್ಡ ಚಕ್ಕೆ ಹಾರುವುದು.

ನೆಕ್ ಗುಳಿಯ ಆಳ 16 ಮಿಮೀ. ನೆಕ್ ಬುಡ 25 ಮಿಮೀ ಇದ್ದರೆ ಬೋರ್ಡ್ ಬಾಡಿಗಿಂತ 9 ಮಿಮೀ ಮೇಲೆ ನಿಲ್ಲುತ್ತದೆ, ಬ್ರಿಜ್ ಬಳಿ ತಂತಿ ಸುಮಾರು 14 ಮಿಮೀ ಎತ್ತರ ಬೇಡುತ್ತದೆ. ನಿಮ್ಮ ಬ್ರಿಜ್‌ನ ಸ್ಯಾಡಲ್ (ಪ್ರತಿ ತಂತಿಯೂ ಆನಿಕೊಳ್ಳುವ ಸಣ್ಣ ತುಂಡು) ಅಷ್ಟು ಏರುತ್ತದೆಯೇ? ಏರದಿದ್ದರೆ ಗುಳಿಯನ್ನು ಒಂದೆರಡು ಮಿಮೀ ಹೆಚ್ಚು ಆಳ ಮಾಡಿ. ಗುಳಿಯ ಪಕ್ಕಗಳನ್ನು ಮುಗಿದ ನೆಕ್ಕನ್ನೇ ಇಟ್ಟು ಗುರುತಿಸಿ. ಸ್ಕ್ರೂ ಇಲ್ಲದೆ ಬಾಡಿಯನ್ನು ನೆಕ್ ಹಿಡಿದು ಎತ್ತಿದಾಗ ಕ್ಷಣಕಾಲವಾದರೂ ಕಚ್ಚಿಕೊಂಡಿರಬೇಕು.

ಬ್ರಿಜ್ಜನ್ನು ನಕ್ಷೆ ನೋಡಿ ಕೂರಿಸಬೇಡಿ. ನೆಕ್ ಕ್ಲ್ಯಾಂಪ್ ಮಾಡಿ, ಹೊರಗಿನ ಎರಡು ತಂತಿಗಳ ಜಾಗದಲ್ಲಿ ದಾರ ಎಳೆದು, ಅವು ನೆಕ್‌ನ ಎರಡೂ ಅಂಚಿನಿಂದ ಸಮ ದೂರದಲ್ಲಿವೆಯೇ ನೋಡಿ. ಆಮೇಲೆ ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯ ಸ್ಯಾಡಲ್ಲನ್ನು ಬಹುತೇಕ ಪೂರ್ತಿ ಮುಂದಕ್ಕೆ ತಂದು, ಅದು ನಟ್‌ನಿಂದ 863.6 ಮಿಮೀಗೆ ಬರುವಂತೆ ಬ್ರಿಜ್ ಗುರುತಿಸಿ. ದಪ್ಪನೆಯ ಇ ತಂತಿಗೆ ಇನ್ನೂ 4ರಿಂದ 6 ಮಿಮೀ ಹಿಂದೆ ಸರಿಯಲು ಜಾಗ ಬೇಕು. ಎರಡು ತುಂಡುಗಳ ಸ್ಪ್ಲಿಟ್ ಪಿಕಪ್‌ನ ನಡುಭಾಗ ಬ್ರಿಜ್‌ನಿಂದ ಸುಮಾರು 145 ಮಿಮೀ ಮುಂದಿರಲಿ, ಇ-ಎ ತುಂಡು ನೆಕ್ ಕಡೆಗೆ.

ನೆಕ್ ಬಿಗಿಯಲು 45 ಮಿಮೀ ಉದ್ದದ ನಾಲ್ಕು 8ನೇ ನಂಬರ್ ಸ್ಕ್ರೂ ಸಾಕು. ಬಾಡಿಯಲ್ಲಿ 4.5 ಮಿಮೀ ತೂತು, ನೆಕ್‌ನಲ್ಲಿ 3 ಮಿಮೀ. ಬಾಡಿಯ ತೂತಿನಲ್ಲೂ ಸ್ಕ್ರೂವಿನ ಸುರುಳಿ ಗೆರೆ ಕಚ್ಚಿದರೆ ಎಷ್ಟು ತಿರುಗಿಸಿದರೂ ನಡುವೆ ಸಂದು ಉಳಿಯುತ್ತದೆ. ಸ್ಕ್ರೂಗೆ ಮೇಣ ಸವರಿ.

ಪಾಲಿಶ್

180, 240, 320 ಮರಳು ಕಾಗದ. ನೀರು ಸವರಿ ಎದ್ದ ನಾರನ್ನು ಮತ್ತೆ 320ರಲ್ಲಿ ಉಜ್ಜಿ. ಮನೆಯಲ್ಲಿ ಅರಗಿನ ಪಾಲಿಶ್ ಅಥವಾ ಒರೆಸುವ ಎಣ್ಣೆಯೇ ಸುಲಭ. ನೆಕ್ ಗುಳಿಯೊಳಗೆ ಏನೂ ಹಚ್ಚಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ಮುದುಡಿಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಬಿಡಿಸಿ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

ವೈರಿಂಗ್

250 ಕಿಲೋ ಓಮ್‌ನ ಎರಡು ಲಾಗ್ ಪಾಟ್ (ಸದ್ದು, ಟೋನ್ ಹೊಂದಿಸಲು ತಿರುಗಿಸುವ ರೋಧಕ), 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಮೋನೊ ಜ್ಯಾಕ್ ಒಂದು. ಪಿಕಪ್‌ನ ಬಿಸಿ ತಂತಿ, ಅಂದರೆ ಸಿಗ್ನಲ್ ಒಯ್ಯುವ ತಂತಿ, ವಾಲ್ಯೂಮ್ ಪಾಟ್‌ನ ಒಂದು ಹೊರಕಾಲಿಗೆ, ನಡುಗಾಲಿನಿಂದ ಜ್ಯಾಕ್‌ನ ತುದಿಗೆ, ಇನ್ನೊಂದು ಹೊರಕಾಲು ಗ್ರೌಂಡ್‌ಗೆ. ಪಿಕಪ್ ಬಂದ ಕಾಲಿನಿಂದಲೇ ಟೋನ್ ಪಾಟ್‌ಗೆ ಒಂದು ತಂತಿ, ಅಲ್ಲಿಂದ ಕೆಪಾಸಿಟರ್ ಮೂಲಕ ಗ್ರೌಂಡ್‌ಗೆ. ಸ್ಪ್ಲಿಟ್ ಪಿಕಪ್‌ನ ಎರಡು ಸುರುಳಿಗಳು ಸರಣಿಯಲ್ಲಿ, ವಿರುದ್ಧ ದಿಕ್ಕಿನಲ್ಲಿ ಇರುವುದರಿಂದ ವಿದ್ಯುತ್ತಿನ ಗುಂಯ್ ಸದ್ದು ತಾನೇ ಅಳಿಯುತ್ತದೆ. ಆದರೂ ಪಿಕಪ್, ಪಾಟ್‌ಗಳು ಕೂರುವ ಗುಳಿಗೆ ತಾಮ್ರದ ಟೇಪ್ ಹಚ್ಚಿ ಗ್ರೌಂಡ್‌ಗೆ ಸೇರಿಸಿ. ಬ್ರಿಜ್ ಅಡಿಗೆ ಗ್ರೌಂಡ್ ತಂತಿ ಹೋಗಲು ತೂತು ಬೇಕು. ಬಹಳ ಜನ ಬ್ರಿಜ್ ಬಿಗಿದಾದ ಮೇಲೆ ನೆನಪಿಸಿಕೊಳ್ಳುವುದು ಈ ತೂತನ್ನೇ. ನುಡಿಸುವ ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾಗಿ, ಬಿಟ್ಟಾಗ ಸ್ವಲ್ಪ ಏರಿದರೆ ಗ್ರೌಂಡ್ ಸರಿಯಿದೆ ಎಂದರ್ಥ. ಮುಟ್ಟಿದಾಗ ಏರಿದರೆ ಜ್ಯಾಕ್‌ನಲ್ಲಿ ತಂತಿಗಳು ಅದಲುಬದಲಾಗಿವೆ.

ತಂತಿ ಕಟ್ಟಿದ ಮೇಲೆ

45-65-85-105 ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿ, ಇ-ಎ-ಡಿ-ಜಿಗೆ ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ಮೊದಲ ಫ್ರೆಟ್, ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದಾಗ 8ನೇ ಫ್ರೆಟ್ ಮೇಲೆ 0.3 ಮಿಮೀ ಸಂದು ಇರುವಂತೆ ಟ್ರಸ್ ರಾಡ್ ತಿರುಗಿಸಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳ ಆಳ. ನಂತರ ಸ್ಯಾಡಲ್ ಎತ್ತರ: 12ನೇ ಫ್ರೆಟ್ ಮೇಲೆ ಇ ತಂತಿಗೆ 2.5 ಮಿಮೀ, ಜಿಗೆ 2. ಈ ಕ್ರಮ ತಪ್ಪಿಸಿದರೆ ಮೊದಲಿನಿಂದ ಮತ್ತೆ ಮಾಡಬೇಕಾಗುತ್ತದೆ, ಏಕೆಂದರೆ ರಾಡ್ ತಿರುಗಿದೊಡನೆ ಉಳಿದ ಎತ್ತರಗಳೆಲ್ಲ ಬದಲಾಗುತ್ತವೆ. ಕೊನೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಹೊರಡಿಸಿದ ಸ್ವರ) ಒತ್ತಿದ ಸ್ವರವನ್ನೂ ಶ್ರುತಿ ತೋರಿಸುವ ಎಲೆಕ್ಟ್ರಾನಿಕ್ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸತ್ತುಹೋಗುವುದು ಕಾರ್ಖಾನೆಯ ಬೇಸ್‌ಗಳಲ್ಲೂ ಇದೆ. ನೆಕ್ ತಾನೇ ಆ ಸ್ವರದಲ್ಲಿ ಕಂಪಿಸಿ ತಂತಿಯ ಶಕ್ತಿ ಹೀರುವುದು ಕಾರಣ. ತಲೆಗೆ ಸಣ್ಣ ಕ್ಲ್ಯಾಂಪ್ ಸಿಕ್ಕಿಸಿ ನೋಡಿ; ಸತ್ತ ಜಾಗ ಸರಿದರೆ ಟ್ಯೂನರ್‌ಗಳ ತೂಕ ಬದಲಿಸಿ ಅದನ್ನು ಎರಡು ಫ್ರೆಟ್‌ಗಳ ನಡುವೆ ಕೂರಿಸಬಹುದು. ಹೊಸ ನೆಕ್ ಮೊದಲ ವರ್ಷ ಇನ್ನೂ ಸರಿದಾಡುತ್ತದೆ. ಮುಂಗಾರು ಹಿಡಿದ ಮೇಲೊಮ್ಮೆ, ಚಳಿ ಒಣಗಿದ ಮೇಲೊಮ್ಮೆ ಆ 0.3 ಮಿಮೀ ಸಂದನ್ನು ಮತ್ತೆ ಅಳೆದು ರಾಡ್ ಸರಿಮಾಡಿ.