ವಿರುದ್ಧ ಪದ ಹಿಡಿದು ಸಮಾನ ಪದ ಹುಡುಕಿದ ನನ್ನ ಅನುಭವ

ನಂಬಿಕೆ, ವಿಶ್ವಾಸ, ಶ್ರದ್ಧೆ, ಭಕ್ತಿ, ನಿಷ್ಠೆ ಮುಂತಾದ ಪದಗಳ ಸಮಾನಾರ್ಥಕ ಕೋಶವೊಂದನ್ನು ಅವುಗಳ ವಿರುದ್ಧ ಪದಗಳ ಆಧಾರದಲ್ಲಿ ಜೋಡಿಸುತ್ತೇನೆಂದು ಹೇಳಿದಾಗ, ಮಂಗಳೂರಿನ ನಮ್ಮ ಅನುವಾದಕರ ಬಳಗದಲ್ಲಿ ಅದನ್ನು ಒಪ್ಪಿದವರು ಯಾರೂ ಇರಲಿಲ್ಲ. ಮೂಗು ಹಿಡಿಯಲು ತಲೆಯ ಸುತ್ತ ಕೈ ತರುವುದೇಕೆ ಎಂದು ಹಿರಿಯರೊಬ್ಬರು ಸಭೆಯಲ್ಲೇ ಕೇಳಿದ್ದರು. ಆ ಹಿರಿಯರೇ ಈಗ ವಾರಕ್ಕೊಮ್ಮೆಯಾದರೂ ದೂರವಾಣಿ ಮಾಡಿ, ಈ ವಾಕ್ಯಕ್ಕೆ ಶ್ರದ್ಧೆ ಹೊಂದುತ್ತದೆಯೋ ನಿಷ್ಠೆ ಹೊಂದುತ್ತದೆಯೋ ಎಂದು ವಿಚಾರಿಸುತ್ತಾರೆ.

ನನ್ನ ಕಸುಬು ಧಾರ್ಮಿಕ ಸಾಹಿತ್ಯದ ಅನುವಾದ ಮತ್ತು ಕರಡು ತಿದ್ದುವಿಕೆ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ, ಚರ್ಚಿನ ವಾರ್ಷಿಕ ಹಬ್ಬದ ಪುಸ್ತಿಕೆ, ಉರೂಸಿನ ಕರಪತ್ರ, ಬಸದಿಯ ಪಂಚಕಲ್ಯಾಣದ ಸ್ಮರಣ ಸಂಚಿಕೆ ಎಲ್ಲವೂ ಒಂದೇ ಮೇಜಿಗೆ ಬರುತ್ತವೆ. ಒಂದು ಕಡೆ ಸರಿಯಾದ ಪದ ಇನ್ನೊಂದು ಕಡೆ ಅಪಸ್ವರವಾಗುತ್ತದೆ. ಪ್ರೊಟೆಸ್ಟಂಟರು ಬೈಬಲಿನ ಬಳಕೆಯಂತೆ ನಂಬಿಕೆ ಎನ್ನುವಲ್ಲಿ ಕಥೋಲಿಕರು ವಿಶ್ವಾಸ ಎನ್ನುತ್ತಾರೆ. ಎರಡನ್ನೂ ಅದಲುಬದಲು ಮಾಡಿ ಕೊಟ್ಟರೆ ಕರಡು ಕೆಂಪು ಗೆರೆಗಳೊಡನೆ ಹಿಂದಿರುಗುತ್ತದೆ.

ಮೊದಲು ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿದೆ. ಗೊತ್ತಿರುವ ಪದದ ಅರ್ಥ ನೋಡುವವರಿಗೆ ಅದು ಸಾಕು, ಆ ಕೆಲಸವನ್ನು 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶ ಎಂದೋ ಮಾಡಿ ಮುಗಿಸಿದೆ. ಅನುವಾದಕನಿಗೆ ಬೇಕಾದದ್ದು ಬಾಯಿಗೆ ಬಾರದ ಪದ. ಎರಡನೆಯ ಸಲ ಮತಗಳ ಪ್ರಕಾರ ವಿಂಗಡಿಸಿದೆ; ಶ್ರದ್ಧೆ ಎಂಬ ಒಂದೇ ಪದ ನಾಲ್ಕು ವಿಭಾಗಗಳಲ್ಲಿ ಕುಳಿತು ಪುಟಗಳು ದುಪ್ಪಟ್ಟಾದವು. ಪುಟಕ್ಕೆ 80 ರೂಪಾಯಿಯಂತೆ ಡಿಟಿಪಿ ಮಾಡಿಸಿದ್ದ ಆ ಪ್ರತಿ, ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಾಗುವಾಗ ಅರ್ಕಾವೊತ್ತುಗಳನ್ನೆಲ್ಲ ಕಳೆದುಕೊಂಡು, ಧರ್ಮ ಎಂದಿದ್ದಲ್ಲೆಲ್ಲ ಧಮ ಎಂದಾಗಿ ಬಂತು. ಎರಡೂ ಪ್ರಯತ್ನಗಳಲ್ಲಿ ಸುಮಾರು 18,000 ರೂಪಾಯಿ ಕೈಬಿಟ್ಟಿತು. ಮನೆಯಲ್ಲಿ ಅದರ ಲೆಕ್ಕ ಕೇಳಿದಾಗ ನಾನು ಉತ್ತರ ಕೊಡದೆ ಪೇಟೆಗೆ ಹೊರಟೆ.

ಮೂರನೆಯ ದಾರಿ ಹೊಳೆದದ್ದು ವಿರುದ್ಧ ಪದಗಳನ್ನು ಸಾಲಾಗಿ ಬರೆದಾಗ. ನಂಬಿಕೆಗೆ ಅಪನಂಬಿಕೆ, ಅದು ಇಬ್ಬರ ನಡುವಿನ ಮಾತು. ವಿಶ್ವಾಸಕ್ಕೆ ಅವಿಶ್ವಾಸ, ಆ ಪದ ಕಿವಿಗೆ ಬಿದ್ದೊಡನೆ ಪಂಚಾಯತಿನ ನಿರ್ಣಯ ನೆನಪಾಗುತ್ತದೆ. ಶ್ರದ್ಧೆಗೆ ಅಶ್ರದ್ಧೆ, ಇಲ್ಲಿ ಸಂಶಯದ ಸುಳಿವೇ ಇಲ್ಲ, ಇರುವುದು ಅಸಡ್ಡೆ. ಅಶ್ರದ್ಧೆಯಿಂದ ಮಾಡಿದ ಹೋಮವೂ ದಾನವೂ ಅಸತ್ ಎಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುವಾಗಲೂ ಮಾತು ಇರುವುದು ಮಾಡುವ ರೀತಿಯ ಕುರಿತು. ಆಸ್ತಿಕನಿಗೆ ನಾಸ್ತಿಕ; ಪಾಣಿನಿಯ ಸೂತ್ರದಂತೆ ಉಂಟು ಎಂಬ ಮತಿಯುಳ್ಳವನು ಮತ್ತು ಇಲ್ಲ ಎಂಬ ಮತಿಯುಳ್ಳವನು, ಅಷ್ಟೆ; ಅವನು ದೇವಸ್ಥಾನಕ್ಕೆ ಹೋಗುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಮೂಡುಬಿದಿರೆಯ ಜೈನ ಮಿತ್ರರು ಸಮ್ಯಕ್ತ್ವಕ್ಕೆ ಮಿಥ್ಯಾತ್ವ ಎಂದೊಡನೆ ಆ ಪದ ಈ ಯಾವ ಗುಂಪಿಗೂ ಸೇರದೆಂದು ತಿಳಿಯಿತು, ಏಕೆಂದರೆ ಅದು ತತ್ತ್ವವನ್ನು ಇದ್ದಂತೆ ಕಾಣುವ ದೃಷ್ಟಿಗೆ ಸಂಬಂಧಿಸಿದ್ದು.

ಅತಿ ಹೆಚ್ಚು ಕಾಲ ಹಿಡಿದದ್ದು ಭಕ್ತಿ. ವಚನಕಾರರ ಲೋಕದಲ್ಲಿ ಭಕ್ತನಿಗೆ ಎದುರಾಗಿ ನಿಲ್ಲುವವನು ಭವಿ, ಎಂದರೆ ಲಿಂಗದೀಕ್ಷೆಯಿಲ್ಲದೆ ಸಂಸಾರದಲ್ಲಿ ಸಿಲುಕಿದವನು. ಉಡುಪಿಯ ಮಾಧ್ವ ವಿದ್ವಾಂಸರೊಬ್ಬರನ್ನು ಕೇಳಿದಾಗ ಅವರು ತಡಮಾಡದೆ ದ್ವೇಷ ಎಂದರು. ಭಗವಂತನ ಮಾಹಾತ್ಮ್ಯವನ್ನು ಅರಿತು, ಉಳಿದೆಲ್ಲಕ್ಕಿಂತ ಮಿಗಿಲಾಗಿ ಇಡುವ ಸುದೃಢ ಸ್ನೇಹವೇ ಭಕ್ತಿ ಎಂದು ಆಚಾರ್ಯ ಮಧ್ವರು ನಿರೂಪಿಸಿರುವಾಗ ಅದರ ವಿರುದ್ಧ ಪದ ಬೇರೇನಾಗಲು ಸಾಧ್ಯ? ಹೀಗೆ ಭಕ್ತಿ ಎರಡು ನಮೂದುಗಳಾಗಿ ಒಡೆಯಿತು. ವಚನಕಾರರು ಹೇಳುವ ಆರು ಹಂತಗಳ ಸಾಧನೆಯಾದ ಷಟ್‌ಸ್ಥಲದ ಶ್ರದ್ಧಾಭಕ್ತಿ, ನಿಷ್ಠಾಭಕ್ತಿ, ಅವಧಾನಭಕ್ತಿ, ಅನುಭಾವಭಕ್ತಿ, ಆನಂದಭಕ್ತಿ, ಸಮರಸಭಕ್ತಿಗಳನ್ನು ಸಮಾನಾರ್ಥಕಗಳ ಸಾಲಿನಿಂದ ತೆಗೆದು ಮೆಟ್ಟಿಲುಗಳ ಕ್ರಮದಲ್ಲಿಯೇ ಇಟ್ಟೆ. ಈ ಒಂದು ನಮೂದು ಬೇರೆ ಯಾವ ಕೈಪಿಡಿಯಲ್ಲಿಯೂ ಇಷ್ಟು ಅಚ್ಚುಕಟ್ಟಾಗಿ ಇಲ್ಲವೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ವಿರುದ್ಧ ಪದವೂ ಕೈಕೊಟ್ಟಲ್ಲಿ ಮೂರು ಸ್ಥಾನಗಳ ಪರೀಕ್ಷೆ ನೆರವಾಯಿತು: ಗೆಳೆಯನಲ್ಲಿ, ಕೆಲಸದಲ್ಲಿ, ದೇವರಲ್ಲಿ. ನಂಬಿಕೆ ಮೊದಲನೆಯದಕ್ಕೂ ಮೂರನೆಯದಕ್ಕೂ ಹೊಂದಿ ನಡುವೆ ಎಡವುತ್ತದೆ. ಶ್ರದ್ಧೆ ಎರಡನೆಯದಕ್ಕೂ ಮೂರನೆಯದಕ್ಕೂ ಸಲೀಸು, ಗೆಳೆಯನಲ್ಲಿ ಶ್ರದ್ಧೆ ಎಂದು ಯಾರೂ ಹೇಳುವುದಿಲ್ಲ. ವಿರುದ್ಧ ಪದವನ್ನು ಜನರ ಬಾಯಿಂದ ಹೊರಡಿಸಲು ನಾನು ಕೇಳುವ ಪ್ರಶ್ನೆಯ ರೂಪವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನೇರವಾಗಿ ಕೇಳಿದರೆ ಶಾಲೆಯ ಉತ್ತರ ಬರುತ್ತದೆ ಎಂಬಷ್ಟು ಸುಳಿವು ಸಾಕು.

ನೆರೆಯ ಭಾಷೆಗಳಲ್ಲಿಯೂ ಇದನ್ನು ಪ್ರಯೋಗಿಸಿ ನೋಡಿದೆ. ಇಲ್ಲಿನ ಕಥೋಲಿಕರ ಕೊಂಕಣಿಯಲ್ಲಿ ವಿಶ್ವಾಸಕ್ಕೆ ಭಾವಾಡ್ತ್ ಎನ್ನುತ್ತಾರೆ. ಅದನ್ನು ಕನ್ನಡದ ಭಾವಾರ್ಥವೆಂದು ಬಗೆದರೆ ಪದ್ಯದ ಸಾರಾಂಶ ಬರೆಯಬೇಕಾದೀತು. ಇಲ್ಲಿನ ಮುಸ್ಲಿಮರಾದ ಬ್ಯಾರಿ ಗೆಳೆಯರು ನಂಬಿಕೆಗೆ ಹೇಳುವ ಈಮಾನ್ ಹುಟ್ಟಿದ ಅರಬಿ ಧಾತುವಿನಿಂದಲೇ ನಮ್ಮ ಕಚೇರಿಗಳ ಅಮಾನತು ಬಂದಿದೆ. ಭದ್ರವಾಗಿ ಒಪ್ಪಿಸಿದ್ದು ಎಂಬ ಅರ್ಥದ ಪದ ನೌಕರನನ್ನು ಮನೆಗೆ ಕಳುಹಿಸುವ ಪದವಾದದ್ದು ಸ್ವಾರಸ್ಯಕರ. ತುಳುವರ ವಿಷಯದಲ್ಲಿ ನನ್ನ ವಿಧಾನ ಅರ್ಧಕ್ಕೆ ನಿಂತಿತು. ನಾವು ನಂಬಿಕೊಂಡು ಬಂದ ದೈವ ಎನ್ನುವ ಮನೆತನದವರಿಗೆ ನಂಬುವುದೆಂದರೆ ತಂಬಿಲ, ಕೋಲಗಳೆಂಬ ದೈವದ ಸೇವೆಗಳನ್ನು ತಲೆತಲಾಂತರದಿಂದ ನಡೆಸಿಕೊಂಡು ಬರುವುದು. ದೈವವನ್ನೇ ಸತ್ಯ ಎಂದು ಕರೆಯುವವರ ಬಳಿ ಅಪನಂಬಿಕೆಯ ಪ್ರಶ್ನೆ ಎತ್ತಿದರೆ ಕೇಳಿದವನ ಮುಖವನ್ನೇ ನೋಡುತ್ತಾರೆ.

ಕೊನೆಗೆ 90 ಪುಟಗಳ ಪುಸ್ತಿಕೆಯಾಯಿತು. 300 ಪ್ರತಿಗಳಿಗೆ ಮುದ್ರಣ, ಹೊಲಿಗೆ ಸೇರಿ 26,000 ರೂಪಾಯಿಯ ಆಸುಪಾಸು ಬಿತ್ತು. 120 ರೂಪಾಯಿ ಬೆಲೆಯಿಟ್ಟೆ. ವರ್ಷ ತುಂಬುವ ಮೊದಲೇ ಮುದ್ರಣದ ಹಣ ಹಿಂದಿರುಗಿತು, ಹಳೆಯ 18,000 ಮಾತ್ರ ಇನ್ನೂ ಬಾಕಿಯಿದೆ. ಖರೀದಿಸಿದವರಲ್ಲಿ ಕಾರ್ಯಕ್ರಮ ನಿರೂಪಕರೂ ಕರಡು ತಿದ್ದುವವರೂ ಹೆಚ್ಚು.

ಎರಡನೆಯ ಮುದ್ರಣಕ್ಕೆ ಭಯಭಕ್ತಿಯನ್ನು ಸೇರಿಸುವವನಿದ್ದೇನೆ. ಅದಕ್ಕೆ ವಿದ್ಯಾರ್ಥಿಗಳು ಕೊಟ್ಟ ವಿರುದ್ಧ ಪದ ಉಡಾಫೆ. ಕಾರ್ಕಳದ ಕಡೆಯ ಅಜ್ಜಿಯೊಬ್ಬರು ಕೊಟ್ಟದ್ದು ಸಲಿಗೆ. ಸದ್ಯಕ್ಕೆ ಸಲಿಗೆಯನ್ನೇ ಮೊದಲು ಬರೆದುಕೊಂಡಿದ್ದೇನೆ.